ಆಮೇಲೆ ಎಂದು ಕೇಳುತ್ತಿದ್ದ ಮೇಡಮ್ಮನವರು

ಹೋದ ವಾರ ಆ ಮನೆಯ ಬಾವಿಗೆ ಮಣ್ಣು ತುಂಬಿಸಿದರು. ಒಂದು ಟ್ರ್ಯಾಕ್ಟರ್ ಮಣ್ಣು ಸಾಲಲಿಲ್ಲ, ಮತ್ತೆ ಮತ್ತೆ ತರಿಸಿದರು. ನಾನು ಕಾಂಪೌಂಡಿನ ಪಕ್ಕ ನಿಂತು ನೋಡಿದೆ. ಕೆಲಸದವರು "ಆಕಡೀಕ್ ಓಗಜ್ಜಿ, ಧೂಳು" ಅಂದರು. ಹೋಗಲಿಲ್ಲ. ಆ ಬಾವಿ ಮುಚ್ಚಿಹೋಗಲಿ ಎಂದು ದೇವರಿಗೆ ಹರಕೆ ಹೊತ್ತವಳು ನಾನು. ಮುಚ್ಚಿದ ಮೇಲೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಮೊದಲು ಸುರಿದ ಮಣ್ಣು ತಳ ಮುಟ್ಟಿದ ಸದ್ದು ಬರಲು ತಡವಾಯಿತು.

ಮನೆ ಕೃಷ್ಣಮೂರ್ತಿಪುರಂನಲ್ಲಿ. ಅದರ ಯಜಮಾನಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವರು. ಮದುವೆ ಆಗಿರಲಿಲ್ಲ. ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಮನೆ ಕೊಂಡವರು ಬಾವಿ ಮುಚ್ಚಿಸಿದರು. ನಾನು ಅಲ್ಲಿ ಅಡುಗೆ, ಕಸ, ಮುಸುರೆ ಎಲ್ಲ ಮಾಡಿಕೊಂಡಿದ್ದವಳು. ಈಗ ಅವರ ಹಳೆಯ ಶಿಷ್ಯೆಯರು ಸೇರಿ ನೆನಪಿನ ಪುಸ್ತಕ ಮಾಡುತ್ತಾರಂತೆ. ನನಗೂ ಬರೆ ಅಂದರು. ಅವರೆಲ್ಲ ದೇವತೆ, ತಾಯಿ ಎಂದು ಬರೆಯುತ್ತಾರೆ. ದೇವತೆಯೂ ಅಲ್ಲ, ತಾಯಿಯೂ ಅಲ್ಲ. ನನಗೆ ಆಕೆಯನ್ನು ಕಂಡರೆ ಹೆದರಿಕೆ ಇತ್ತು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಹೆಸರು ಹಿಡಿದು ಕರೆದವಳಲ್ಲ, ಈಗ ಯಾಕೆ.

ಕಡ್ಡಿಯಂಥ ಹೆಂಗಸು. ಸೆರಗಿನ ತುದಿಯಲ್ಲಿ ಬೇರೆಯವರು ಚಿಲ್ಲರೆ ಗಂಟು ಹಾಕಿಕೊಂಡರೆ ಇವರು ಸೀಮೆಸುಣ್ಣದ ತುಂಡು ಗಂಟು ಹಾಕಿಕೊಳ್ಳುವರು. ಹಲ್ಲಿ ಕಂಡರೆ ಕುರ್ಚಿ ಹತ್ತಿ ನನ್ನನ್ನು ಕೂಗುವರು. ಮನುಷ್ಯರನ್ನು ಕಂಡರೆ ಹೆದರಿಕೆ ಇರಲಿಲ್ಲ. ಮಕ್ಕಳು ಪಾಠಕ್ಕೆ ಬಂದರೆ ಬೋರ್ಡು ಗೀರ್ಡು ಇಲ್ಲ, ನಡುಮನೆಯ ಕೆಂಪು ಗಾರೆ ನೆಲದ ಮೇಲೆಯೇ ಬರೆಯುವರು. ಒಂದು ದಿನ ಬೀದಿ ಬಾಗಿಲಿನಿಂದ ಅಡುಗೆಮನೆ ಹೊಸಿಲಿನ ತನಕ ಒಂದು ಗೆರೆ ಎಳೆದಿದ್ದರು. ನಾನು ಒರೆಸುವ ಬಟ್ಟೆ ಹಿಡಿದು ನಿಂತೆ.

"ಒರಸ್ಲಾ ಮೇಡಮ್ಮೋರೇ?"

"ತಡಿಯೇ, ಇನ್ನೂ ಮುಗಿದಿಲ್ಲ."

"ಯಾವಾಗ ಮುಗೀತದೆ?"

"ಮುಗಿಯೋದೇ ಇಲ್ಲ ಅದು."

"ಅಂಗಾರೆ ಒರಸ್ತೀನಿ ಬುಡಿ."

ಹುಡುಗಿಯರು ನಕ್ಕರು. ಅವರೂ ನಕ್ಕರು. ನನಗೆ ನಗು ಬರಲಿಲ್ಲ. ಮುಗಿಯದ ಗೆರೆಯ ಮೇಲೆ ಕಾಲಿಟ್ಟು ಓಡಾಡುವುದು ನನಗೆ ಸರಿಬರುತ್ತಿರಲಿಲ್ಲ.

ಅವರ ಬಾಯಲ್ಲಿ ಸದಾ ಒಂದು ಮಾತು, "ಆಮೇಲೆ?" ಸೊಪ್ಪಿನವನು "ಬಿಸ್ಲಿಗೆ ಸೊಪ್ಪೇ ಬತ್ತಿಲ್ಲ ಕಣಮ್ಮ" ಅಂದರೆ "ಆಮೇಲೆ?" ಪಕ್ಕದ ಮನೆಯಾಕೆ ಲಾಡು ಹಿಡಿದು ಬಂದು "ಮಗಳಿಗೆ ಗಂಡು ಗೊತ್ತಾಯ್ತು ಕಣ್ರೀ, ಆಷಾಢ ಕಳೀತಿದ್ದ ಹಾಗೇ ಮದುವೆ" ಅಂದರೆ "ಸಂತೋಷ. ಆಮೇಲೆ?" ಆಕೆ ಮುಖ ಊದಿಸಿಕೊಂಡು ಹೋದಳು.

"ಅಲ್ಲ, ಮದ್ವೆ ಮನೆಯೋರ್ನ ಅಂಗಾ ಕೇಳದು?" ಅಂದೆ.

"ಕೇಳಬಾರದಾ? ಹತ್ತಿರದ್ದು ಎಲ್ಲರಿಗೂ ಕಾಣುತ್ತೆ ಕಣೇ. ತುದೀಲಿ ಏನಾಗುತ್ತೆ ಅನ್ನೋದೇ ನನ್ನ ಪಾಠ. ಅದನ್ನ ಕೇಳೀ ಕೇಳೀನೇ ಸಂಬಳ ತಗೊಂಡಿದ್ದು ನಾನು."

ಆ ಪ್ರಶ್ನೆ ನನ್ನ ಮೇಲೂ ಒಮ್ಮೆ ಬಿತ್ತು. ಆ ಮನೆಗೆ ಸೇರಿದ ಹೊಸತು. ಹಿತ್ತಲಿನ ಬಾವಿಯಿಂದ ಗಿಡಕ್ಕೆ ನೀರು ಸೇದು ಅಂದರು. ನಾನು ಒಲ್ಲೆ ಅಂದೆ. ಯಾಕೆ ಅಂದರು. ಹೇಳಿದೆ. ನನಗೊಬ್ಬಳು ತಂಗಿ ಇದ್ದಳು. ಮದುವೆಗೆ ಇನ್ನೂ ಬಾರದ ವಯಸ್ಸು. ಮಾತು ಕಡಿಮೆ ಮಾಡಿದಳು, ಊಟ ಕಡಿಮೆ ಮಾಡಿದಳು, ನಾವು ಗಮನಿಸಲಿಲ್ಲ. ಊರ ಬಾವಿಗೆ ಬಿದ್ದಳು. ಹೊಸ ಚಪ್ಪಲಿ ನೀರಿಗೆ ಹಾಳಾಗಬಾರದೆಂದು ಕಟ್ಟೆಯ ಕೆಳಗೆ ಜೋಡಿಸಿಟ್ಟಿದ್ದಳು.

ಬೇರೆ ಯಾರಾದರೂ ಅಯ್ಯೋ ಪಾಪ ಅನ್ನುತ್ತಿದ್ದರು. ಇವರು ನನ್ನ ಮುಖವನ್ನೇ ನೋಡುತ್ತ "ಆಮೇಲೆ?" ಅಂದರು.

"ಆಮೇಲೇನು? ಬಾವಿ ಮುಚ್ಚುದ್ರು. ನೀರಿಗೆ ಕೆರೆ ತಂಕ ಓಗ್ಬೇಕಾಯ್ತು. ನಮ್ಮವ್ವ ಸಾಯೋಗಂಟ ಆ ಚಪ್ಲಿ ಇಟ್ಕಂಡಿದ್ಲು."

ಅವರು ಎದ್ದು ತಾವೇ ನೀರು ಸೇದಿದರು. ಅವತ್ತಿನಿಂದ ನನಗೆ ಆ ಕೆಲಸ ಹೇಳಲಿಲ್ಲ. ಆದರೆ ಬಾವಿ ಮುಚ್ಚಿಸಿ ಅಂದರೆ ಮುಚ್ಚಿಸಲೂ ಇಲ್ಲ.

ಈಗ ಮೊಮ್ಮಗಳ ವಿಷಯ ಬರೆಯಬೇಕು. ಸಿಂಚನ, ನನ್ನ ಮಗಳ ಮಗಳು. ಅವಳ ಅವ್ವ ಹೂಟಗಳ್ಳಿಯಲ್ಲಿ ಫ್ಯಾಕ್ಟರಿ ಕೆಲಸ, ಶಿಫ್ಟು. ಕಾಲೇಜಿಗೆ ಹತ್ತಿರ ಎಂದು ಹುಡುಗಿ ನನ್ನ ಜೊತೆ ಅಗ್ರಹಾರದ ವಠಾರದಲ್ಲಿ ಇದ್ದಳು. ಎರಡನೇ ಪಿಯುಸಿಯಲ್ಲಿ ಗಣಿತ ಒಂದು ಹೋಯಿತು. ಹೋದರೆ ಹೋಗಲಿ, ಈಗ ಮತ್ತೆ ಬರೆಯಲು ಬಿಡುತ್ತಾರಂತೆ. ನಾನು ಬೈಯಲೂ ಇಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಾರನೆಯ ದಿನವೂ ಹಾಗೇ. ಮುದ್ದೆ ಇಟ್ಟರೆ ಅರ್ಧ ತಿಂದಳು. ಆಮೇಲೆ ಅದರಲ್ಲೂ ಅರ್ಧ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ.

ಇದನ್ನು ನಾನು ಒಮ್ಮೆ ನೋಡಿದ್ದೇನೆ. ಮಗಳಿಗೆ ಫೋನು ಮಾಡಿದರೆ "ವಯಸ್ಸಿಂದು ಕಣವ್ವ, ಸರಿ ಓಯ್ತಾಳೆ" ಅಂದಳು. ನನ್ನ ತಂಗಿಯ ಕಥೆ ಅವಳಿಗೂ ಗೊತ್ತಿಲ್ಲ. ನಮ್ಮಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗಿಯನ್ನು ಒಬ್ಬಳನ್ನೇ ಬಿಟ್ಟು ಕೆಲಸಕ್ಕೆ ಹೋಗಲು ಧೈರ್ಯ ಬರಲಿಲ್ಲ. ಕೈ ಹಿಡಿದು ಎಳೆದುಕೊಂಡು ಮೇಡಮ್ಮನವರ ಮನೆಗೆ ಹೋದೆ. ಬಾವಿ ಇರುವ ಮನೆಗೇ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.

ಮೇಡಮ್ಮನವರು ಸಮಾಧಾನದ ಮಾತು ಒಂದೂ ಆಡಲಿಲ್ಲ.

"ಯಾವುದು ತಪ್ಪಾಯ್ತು? ಒಂದು ಹೇಳು" ಅಂದರು.

ಹುಡುಗಿ ನೆಲ ನೋಡುತ್ತ ಹೇಳಿದಳು. "ಲಾಗ್ ಗ್ರಾಫು ಮೇಡಂ. ಬಲಗಡೆ ಹೋಗ್ತಾ ಹೋಗ್ತಾ ಒಂದು ಕಡೆ ನಿಂತುಬಿಡುತ್ತೆ ಅಂತ ಬರೆದೆ."

"ಯಾಕೆ ಹಾಗೆ ಬರೆದೆ?"

"ಮೊದಮೊದಲು ಹತ್ತುತ್ತೆ. ಆಮೇಲೆ ಮಲಗಿಬಿಡುತ್ತೆ. ಹಂಗೇ ಕಾಣುತ್ತಲ್ಲ."

"ಪುಸ್ತಕ ಅಷ್ಟೇ ಅಗಲ ಇದೆ, ಅದಕ್ಕೆ ಹಾಗೆ ಕಾಣುತ್ತೆ. ಮಲಗಿಲ್ಲ ಅದು. ಇರಲಿ. ಎಡಗಡೆ ತುದಿ ಏನಾಗುತ್ತೆ?"

"ಕೆಳಗೆ ಹೋಗುತ್ತೆ."

"ಎಲ್ಲೀ ತನಕ?"

"ಗೊತ್ತಿಲ್ಲ."

"ಬಾ, ತೋರಿಸ್ತೀನಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದರು.

ಲಾಗ್ ಅಂದರೆ ಏನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣಲ್ಲಿ ನೋಡಿದ್ದನ್ನು ಹೇಳುತ್ತೇನೆ. ಬಾವಿಯ ಮಗ್ಗುಲಿಗೇ ಕಾಂಪೌಂಡಿನ ಗೋಡೆ. ಹುಡುಗಿಯನ್ನು ಗೋಡೆಯಿಂದ ಒಂದು ಮಾರು ದೂರ ನಿಲ್ಲಿಸಿದರು. ಬಾವಿಯ ಮೇಲಿನ ಕಬ್ಬಿಣದ ಜಾಲರಿ ಎತ್ತಿದರು. ಬಿಂದಿಗೆ ಕಟ್ಟೆಯ ಮಟ್ಟಕ್ಕೆ ತೂಗುತ್ತಿತ್ತು, ಹಗ್ಗ ಅವರ ಕೈಯಲ್ಲಿ.

"ಗೋಡೆಗೆ ಎಷ್ಟು ದೂರ ಇದೆಯೋ ಅದರಲ್ಲಿ ಅರ್ಧ ಹೋಗು."

ಹೋದಳು. ಇವರು ಹಗ್ಗ ಒಂದು ಮೊಳ ಇಳಿಬಿಟ್ಟರು.

"ಉಳಿದದ್ದರಲ್ಲಿ ಅರ್ಧ." ಇನ್ನೊಂದು ಮೊಳ. "ಮತ್ತೆ ಅರ್ಧ." ಮತ್ತೊಂದು ಮೊಳ. ರಾಟೆ ಕಿರ್ರೆನ್ನುತ್ತಿತ್ತು. ನಾನು ಅಡುಗೆಮನೆ ಬಾಗಿಲು ಹಿಡಿದು ನಿಂತಿದ್ದೆ.

"ಗೋಡೆ ಮುಟ್ಟಿದೆಯಾ?"

"ಇಲ್ಲ ಮೇಡಂ, ಒಂಚೂರು ಇದೆ."

"ಅದರಲ್ಲಿ ಅರ್ಧ ಹೋಗು."

"ಮೂಗು ಅಡ್ಡ ಬರ್ತಿದೆ."

"ಮೂಗು ಬಿಡು, ಲೆಕ್ಕದಲ್ಲಿ ಮೂಗಿಲ್ಲ."

ಹುಡುಗಿ ಗೋಡೆಗೆ ಮುಖ ಮಾಡಿಕೊಂಡೇ ನಕ್ಕಳು. ಫೇಲಾದ ಮೇಲೆ ಅದೇ ಮೊದಲು. ಆದರೆ ನನ್ನ ಕಣ್ಣು ಹಗ್ಗದ ಮೇಲಿತ್ತು. ಅವಳು ಹೋಗುತ್ತಿದ್ದದ್ದು ಎಳ್ಳಷ್ಟು, ಬಿಂದಿಗೆ ಇಳಿಯುತ್ತಿದ್ದದ್ದು ಮೊಳ ಮೊಳ.

"ಹಗ್ಗ ಮುಗೀತು. ಗೋಡೆ ಸಿಕ್ತಾ?"

"ಇಲ್ಲ."

"ಇನ್ನೂ ಉದ್ದದ ಹಗ್ಗ ತಂದರೆ?"

"ಅದೂ ಮುಗಿಯುತ್ತೆ. ಗೋಡೆ ಸಿಗಲ್ಲ."

"ಎಷ್ಟು ಆಳ ಅಂತ ನೀನು ಹೇಳು, ಗ್ರಾಫು ಅದಕ್ಕಿಂತ ಕೆಳಗೆ ಹೋಗುತ್ತೆ. ಅದೇ ಎಡಗಡೆ ತುದಿ. ತಳ ಇಲ್ಲ."

"ಗೋಡೆ ಆಚೆ ಏನಾಗುತ್ತೆ ಮೇಡಂ?"

"ಆಚೆ ಇದಕ್ಕೆ ಜಾಗ ಇಲ್ಲ. ಅಲ್ಲಿ ಇದು ಇಲ್ಲವೇ ಇಲ್ಲ."

ನನಗೆ ತಡೆಯಲಾಗಲಿಲ್ಲ. ಹುಡುಗಿಯನ್ನು ಒಳಗೆ ಕಳಿಸಿ ಅವರನ್ನು ತರಾಟೆಗೆ ತೆಗೆದುಕೊಂಡೆ.

"ನಿಮ್ಗೇನ್ ಬುದ್ಧಿ ಗಿದ್ಧಿ ಅದೆಯಾ? ಮೂರೊತ್ತೂ ಮಲಗಿರೋ ಮಗೀಗೆ ಬಾವಿ ತೋರ್ಸಿ ತಳ ಇಲ್ಲ ಅಂತೀರಲ್ಲ! ನಮ್ ತಂಗಿ ಕಥೆ ಗೊತ್ತಿದ್ದೂ ಗೊತ್ತಿದ್ದೂ!"

ಅವರು ಹಗ್ಗ ಸುತ್ತುತ್ತಲೇ ಇದ್ದರು.

"ಕೂಗಬೇಡ. ಅವಳು ಆಗಲೇ ಕೆಳಗೆ ನೋಡ್ತಿದಾಳೆ ಕಣೇ. ನಿನ್ನ ಕಣ್ಣಿಗೆ ಬಿದ್ದಿದ್ದು ನನ್ನ ಕಣ್ಣಿಗೆ ಬೀಳಲ್ವಾ? ಒಬ್ಬಳೇ ನೋಡಬಾರದು ಅಂತ ನಾನು ಜೊತೆಗೆ ನಿಂತೆ. ಅಷ್ಟೇ."

"ಸುಳ್ಳಾದ್ರೂ ಒಂದೊಳ್ಳೆ ಮಾತೇಳ್ಬಾರ್ದಾ?"

"ನನಗೆ ಬರಲ್ಲ. ಎಡಗಡೆ ತಳ ಇಲ್ಲ ಅನ್ನೋದು ನಿಜ. ಬಲಗಡೆ ಅವಳು ಬರೆದಿದ್ದು ತಪ್ಪು ಅನ್ನೋದೂ ನಿಜ. ಅದನ್ನ ಇನ್ನೂ ತೋರಿಸಿಲ್ಲ."

ದಿನವೂ ಕರೆದುಕೊಂಡು ಹೋದೆ. ಅವಳು ನೆಲದ ಮೇಲೆ ಬರೆಯುವಳು, ನಾನು ಒಗ್ಗರಣೆ ಹಾಕುತ್ತಲೂ ಕಿವಿ ಆ ಕಡೆಗೇ. ಮಾತು ನಿಂತರೆ ಸೌಟು ಹಿಡಿದೇ ಹೋಗಿ ಇಣುಕುವೆ. "ಏನಜ್ಜಿ?" ಅನ್ನುವಳು. "ಏನಿಲ್ಲ, ನೀನ್ ಬರಿ" ಅನ್ನುವೆ. ಜಾಲರಿ ಮುಚ್ಚಿದೆಯೇ ಎಂದು ಬಂದಾಗೊಮ್ಮೆ ಹೋದಾಗೊಮ್ಮೆ ನೋಡುವೆ. ಅದಕ್ಕೆ ಬೀಗ ಇರಲಿಲ್ಲ.

ಒಂದು ಮಧ್ಯಾಹ್ನ ರಾಗಿ ಬೀಸಿಸಲು ಹಿಟ್ಟಿನ ಗಿರಣಿಗೆ ಹೋದೆ. ಕರೆಂಟು ಹೋಗಿ ತಡವಾಯಿತು. ವಾಪಸು ಬಂದರೆ ಬೀದಿ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. "ಸಿಂಚೂ" ಎಂದು ಕರೆದೆ. ಉತ್ತರವಿಲ್ಲ. ಹಿತ್ತಲಿಗೆ ಹೋದೆ.

ಜಾಲರಿ ಎತ್ತಿತ್ತು. ಬಾವಿಯ ಪಕ್ಕ, ಗೋಡೆಗೆ ಹತ್ತಿರ, ಅವಳ ಚಪ್ಪಲಿ. ಜೋಡಿಸಿಟ್ಟ ಚಪ್ಪಲಿ.

ಹಿಟ್ಟಿನ ಡಬ್ಬ ಎಲ್ಲಿ ಬಿತ್ತೋ ತಿಳಿಯದು. ಬಾವಿಗೆ ಬಗ್ಗಿ ನೋಡಬೇಕು. ನೋಡಲು ಆಗಲಿಲ್ಲ. ಕಟ್ಟೆಗೆ ಕೈ ಊರಿ ಕಣ್ಣು ಮುಚ್ಚಿಕೊಂಡು ನಿಂತೆ. ನೋಡುವ ತನಕ ಅವಳು ಇದ್ದಾಳೆ, ನೋಡಿದರೆ ಇಲ್ಲ ಎಂದೇ ನನಗೆ ಅನ್ನಿಸಿದ್ದು. ಕೊನೆಗೆ ಕಣ್ಣು ಬಿಟ್ಟೆ. ಕೆಳಗೆ ಕಪ್ಪು ನೀರು, ಅದರಲ್ಲಿ ಒಂದು ಚೂರು ಆಕಾಶ, ನನ್ನ ತಲೆ. ಬೇರೆ ಏನೂ ಕಾಣಲಿಲ್ಲ. ಕಾಣದಿದ್ದರೆ ಇಲ್ಲ ಎಂದು ಅರ್ಥವೇ? ನನ್ನ ತಂಗಿಯೂ ಮೊದಲು ಕಂಡಿರಲಿಲ್ಲ.

ಬೀದಿಗೆ ಓಡಿ ಅರಚಿದೆ. ಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವನು ಬಂದ.

"ಏನಜ್ಜಿ, ಯಾಕಂಗ್ ಕೂಗ್ತಿದೀಯ?"

"ಮಗಾ, ಬಾವಿ... ನಮ್ ಮಗ..."

"ನಿನ್ ಮೊಮ್ಮಗ್ಳಾ? ಅವ್ಳು ಮೇಡಮ್ಮೋರ ಜೊತೆ ಆಗ್ಲೇ ಆ ಕಡೀಕ್ ಹೋದ್ಲಲ್ಲ! ಬರಿಗಾಲಲ್ಲಿ, ಹೆಜ್ಜೆಗ್ ಹೆಜ್ಜೆ ಅಂಟುಸ್ಕಂಡು. ಏನ್ ಹರಕೆ ಅಜ್ಜಿ ಅದು, ಹೆಜ್ಜೆ ಸೇವೆನಾ?"

ಮಿಕ್ಕ ಮಾತು ಕೇಳದೆ ಓಡಿದೆ. ಆ ವಯಸ್ಸಿನಲ್ಲಿ ಓಡಿದ್ದೆಂದರೆ ಓಡಿದ್ದೇ. ರಸ್ತೆ ತಿರುಗುವ ಕಡೆ ಕಂಡರು. ಹುಡುಗಿ ಬರಿಗಾಲಲ್ಲಿ, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ ಎಣಿಸುತ್ತ ನಡೆಯುತ್ತಿದ್ದಳು. ಪಕ್ಕದಲ್ಲಿ ಮೇಡಮ್ಮನವರು ಛತ್ರಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳು ಮಡಿಚಿಕೊಂಡು. ಆಟೋದವರು ನೋಡಿ ನಗುತ್ತಿದ್ದರು. ಹುಡುಗಿ ನನ್ನನ್ನು ಕಂಡು ಮುಖ ಅರಳಿಸಿ, "ಅಜ್ಜೀ, ನೋಡು! ಗೋಡೆಯಿಂದ ಶುರು ಮಾಡಿದ್ವಿ. ದೂರ ಎರಡರಷ್ಟು ಆದಾಗಲೆಲ್ಲ ಒಂದು ಬೆರಳು ಮಡಚೋದು. ಎಷ್ಟು ನಡೆದರೂ ಬೆರಳೇ ಮುಗೀತಿಲ್ಲ..." ಅಂದಳು.

ಕೆನ್ನೆಗೆ ಬಾರಿಸಿದೆ. ಅವಳ ತೋಳು ಹಿಡಿದು ಅಲ್ಲಾಡಿಸಿದೆ. "ಚಪ್ಲಿ! ಬಾವಿ ತಾವು ಚಪ್ಲಿ!" ಎಂದು ಅಷ್ಟೇ ಬಾಯಿಗೆ ಬಂದದ್ದು.

ಅವಳಿಗೆ ಅರ್ಥವಾಗಲಿಲ್ಲ. ಮೇಡಮ್ಮನವರಿಗೆ ಆಯಿತು. ಛತ್ರಿ ಕೆಳಗಿಟ್ಟು ಮೋರಿಯ ಕಟ್ಟೆಯ ಮೇಲೆ ಕುಸಿದರು. "ಪಾದದಲ್ಲಿ ಅಳೀಬೇಕು ಅಂತ ನಾನೇ ಬಿಚ್ಚಿಸಿದೆ. ಗೋಡೆಯಿಂದ ಮೊದಲ ಪಾದ ಅಂತ ಅಲ್ಲೇ ಬಿಟ್ವಿ. ಗಿಡಕ್ಕೆ ನೀರು ಸೇದಿದವಳು ಜಾಲರಿ ಮುಚ್ಚಲೇ ಇಲ್ಲ. ನನಗೆ ಹೊಳೀಲೇ ಇಲ್ಲ ಕಣೇ" ಅಂದರು. ತುದಿಯಲ್ಲಿ ಏನಾಗುತ್ತದೆ ಎಂದು ಊರನ್ನೆಲ್ಲ ಕೇಳುತ್ತಿದ್ದವರಿಗೆ ಕಾಲ ಬುಡದ್ದು ಕಾಣಲಿಲ್ಲ.

ಅಲ್ಲೇ ಮೋರಿಯ ಪಕ್ಕ ಕೂತು ಹುಡುಗಿಗೆ ನನ್ನ ತಂಗಿಯ ಕಥೆ ಹೇಳಿದೆ. ಚಪ್ಪಲಿಯದನ್ನೂ ಹೇಳಿದೆ. ಕೆನ್ನೆ ಉಜ್ಜಿಕೊಳ್ಳುತ್ತ ಕೇಳಿದಳು. ನಂತರ ತಲೆ ಎತ್ತದೆ, "ನಾನೂ ಒಂದೆರಡು ಸಲ ಅಂದ್ಕೊಂಡಿದ್ದೆ ಅಜ್ಜಿ" ಅಂದಳು.

ರಸ್ತೆಯಲ್ಲಿ ಬಸ್ಸು, ಹಾರ್ನು. ನನಗೆ ಏನೂ ಕೇಳಿಸಲಿಲ್ಲ. ನನ್ನ ಭಯ ಬರೀ ಭಯವಾಗಿರಲಿ ಎಂದು ನಾನು ಬೇಡಿಕೊಂಡಿದ್ದೆ. ಅದು ನಿಜವಾಗಿತ್ತು.

ಮೇಡಮ್ಮನವರು ಅವಳ ಕೈ ಹಿಡಿದು, ಯಾವತ್ತೂ ಕೇಳದಷ್ಟು ಮೆಲ್ಲಗೆ, "ಆಮೇಲೆ?" ಅಂದರು.

"ಆಮೇಲೆ ಏನಾಗುತ್ತೆ ಅಂತ ಯೋಚನೆ ಮಾಡಿದೆ. ಅಮ್ಮ ಅಳ್ತಾಳೆ. ಅಜ್ಜಿ ಅಳಲ್ಲ, ದಿನಾ ನನ್ನ ಬೈತಾ ಇರುತ್ತೆ ಅನ್ನಿಸ್ತು. ಕೇಳಿಸ್ಕೊಳ್ಳೋಕೆ ನಾನಿರಲ್ಲ ಅಂತ..." ಅಲ್ಲಿಗೆ ಅತ್ತುಬಿಟ್ಟಳು.

"ಬೈದೇ ಬೈತಿದ್ದೆ ಮುಂಡೇದೆ" ಅಂದೆ.

ಅವಳು ಅಳು ಮುಗಿಸುವ ತನಕ ಕಾದು ಮೇಡಮ್ಮನವರು ಕೇಳಿದರು. "ಈಗ ಎಷ್ಟನೇ ಬೆರಳಲ್ಲಿದ್ವಿ?"

"ಎರಡೂ ಕೈ ಇನ್ನೂ ಮುಗಿದಿಲ್ಲ ಮೇಡಂ."

"ಮುಂದಿನ ಬೆರಳಿಗೆ?"

"ಇಲ್ಲೀ ತನಕ ಬಂದಷ್ಟೇ ದೂರ ಮತ್ತೆ ನಡೀಬೇಕು."

"ಅದರ ಮುಂದಿನದಕ್ಕೆ ಅಗ್ರಹಾರ ಹತ್ತಿರ ಆಗುತ್ತೆ. ಅದರ ಮುಂದೆ ಅರಮನೆ ದಾಟುತ್ತೆ, ಅದರ ಮುಂದೆ ಬೆಟ್ಟ. ಒಂದೊಂದು ಬೆರಳೂ ಗ್ರಾಫಿನ ಒಂದೊಂದು ಮೆಟ್ಟಿಲು ಎತ್ತರ. ನೋಡೋರಿಗೆ ನಿಂತ ಹಾಗೇ ಕಾಣುತ್ತೆ. ನಿಲ್ಲುತ್ತಾ?"

"ಇಲ್ಲ."

"ಯಾವ ಎತ್ತರದಲ್ಲಿ ನಿಲ್ಲುತ್ತೆ?"

"ಯಾವ ಎತ್ತರ ಹೇಳಿದ್ರೂ ಒಂದಿನ ದಾಟುತ್ತೆ. ನಿಧಾನ ಅಷ್ಟೇ."

"ಹಾಗಂತ ಬರಿ ಈ ಸಲ" ಎಂದು ಛತ್ರಿ ಎತ್ತಿಕೊಂಡು ಎದ್ದರು. ವಾಪಸು ಬರುವಾಗ ತಮ್ಮ ಚಪ್ಪಲಿಯನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದರು. ಯಾಕೆ ಎಂದು ನಾನು ಕೇಳಲಿಲ್ಲ.

ಮಾರನೆಯ ದಿನ ಜಾಲರಿಗೆ ಬೀಗ ಬಿದ್ದಿತ್ತು. ಬೀಗದ ಕೈ ನನ್ನ ಕೈಗೆ ಕೊಟ್ಟರು. ಅವರೇ ಇನ್ನೊಂದು ಕೆಲಸವನ್ನೂ ಮಾಡಿದರು. ಹುಡುಗಿಯ ಅವ್ವನನ್ನು ಕರೆಸಿ, ಕೂರಿಸಿ, ಎಲ್ಲ ಹೇಳಿ, ಇಬ್ಬರನ್ನೂ ಡಾಕ್ಟರ ಹತ್ತಿರ ಕಳಿಸಿದರು. ನನ್ನ ಮಗಳು "ಹುಚ್ಚಾ ನಮ್ಮ ಮಗೀಗೆ?" ಎಂದು ರೇಗಿದಳು. "ಜ್ವರ ಬಂದರೆ ಹೋಗಲ್ವಾ? ಹೋಗದಿದ್ದರೆ ಆಮೇಲೆ?" ಅಂದರು. ಮಗಳು ಹುಡುಗಿಯನ್ನು ಕರೆದುಕೊಂಡು ಹೋದಳು.

ಸಿಂಚನ ಎರಡನೇ ಸಲಕ್ಕೆ ಪಾಸಾದಳು. ದೊಡ್ಡ ನಂಬರೇನಲ್ಲ. ಈಗ ಬಿ.ಎಸ್ಸಿ. ಓದುತ್ತಾಳೆ, ಗಣಿತವನ್ನೇ ತೆಗೆದುಕೊಂಡಿದ್ದಾಳೆ. ಬೇಡ ಅಂದೆ, ಕೇಳಲಿಲ್ಲ.

ಮೇಡಮ್ಮನವರು ಆಸ್ಪತ್ರೆ ಸೇರಿದಾಗ ಹಗಲು ಹೊತ್ತು ನಾನೇ ಜೊತೆಗಿದ್ದೆ. ಡಾಕ್ಟರು "ಇಂಜೆಕ್ಷನ್ ಕೊಡ್ತೀವಿ, ಆರಾಮಾಗುತ್ತೆ" ಅಂದರೆ ಆ ಬಾಯಿ "ಆಮೇಲೆ?" ಅನ್ನುತ್ತಿತ್ತು. ಉಸಿರು ದಿನದಿನಕ್ಕೆ ಚಿಕ್ಕದಾಯಿತು.

"ಎದ್ರುಕೆ ಆಯ್ತದಾ?" ಎಂದು ಕೇಳಿದೆ. ಅವರಿಂದ ಕಲಿತದ್ದು, ನೇರವಾಗಿ ಕೇಳುವುದು.

"ಆಗುತ್ತೆ ಕಣೇ. ಗೋಡೆ ಹತ್ತಿರ ಬಂತು. ಮೂಗು ಅಡ್ಡ ಬರ್ತಿದೆ."

"ಮೂಗು ಬುಡಿ. ಲೆಕ್ಕದಲ್ಲಿ ಮೂಗಿಲ್ಲ."

ನಕ್ಕರು. ಕೆಮ್ಮು ಹತ್ತುವಷ್ಟು ನಕ್ಕರು. ನರ್ಸು ಬಂದು ನನ್ನನ್ನು ಬೈದಳು. ನನ್ನ ಕೈ ಬಿಡಲಿಲ್ಲ ಅವರು.

ಬಾವಿ ಮುಚ್ಚಿದ ದಿನ ಬೀಗದ ಕೈಯನ್ನು ಮಣ್ಣಿನ ಮೇಲೆ ಎಸೆದು ವಠಾರಕ್ಕೆ ಬಂದೆ. ಮನೆ ಬಾಗಿಲಲ್ಲಿ ಸಿಂಚನಳ ಚಪ್ಪಲಿ ಇತ್ತು, ಒಳಗೆ ಸದ್ದಿರಲಿಲ್ಲ. ಅವಳು ಓದುವಾಗ ಯಾವಾಗಲೂ ಹಾಗೆಯೇ. ನನಗೆ ಗೊತ್ತು. ಗೊತ್ತಿದ್ದರೂ ಕಾಲು ಹೊಸಿಲಲ್ಲಿ ನಿಂತಿತು.

"ಸಿಂಚೂ!" ಎಂದು ಕೂಗಿದೆ.

"ಇದೀನಿ ಕಣಜ್ಜಿ" ಅಂದಳು ಒಳಗಿನಿಂದ. ಯಾಕೆ ಕೂಗಿದೆ ಎಂದು ಅವಳು ಯಾವತ್ತೂ ಕೇಳುವುದಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಹೋದೆ.